ಗೆರೆಯಾಚೆಯ ಒಬ್ಬಟ್ಟು

ಮಧುಸೂದನ ಮರೆತದ್ದು ಒಂದೇ ಒಂದು ಸೊನ್ನೆ. ಅದೂ ದೊಡ್ಡ ಸಂಖ್ಯೆಯ ಬಾಲಕ್ಕೆ ಅಂಟಿಕೊಂಡು ಬೆಲೆ ಏರಿಸುವ ಸೊನ್ನೆಯಲ್ಲ. ಒಂಟಿಯಾಗಿ ನಿಂತು 'ಇಲ್ಲಿ ಏನೂ ಇಲ್ಲ' ಎಂದಷ್ಟೇ ಹೇಳುವ ಬಡ ಸೊನ್ನೆ. ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ, ಗಾಂಧಿ ಬಜಾರಿನ ಪಾತ್ರೆ ಅಂಗಡಿಯ ಮೇಲಿನ ಎರಡು ಕೋಣೆಯ ಆಫೀಸಿನಲ್ಲಿ ಒಬ್ಬನೇ ಕೂತು, ಮೊನ್ನೆ ತಾನೇ ಬರೆದು ಕೊಟ್ಟ ಪ್ರೋಗ್ರಾಮನ್ನು ಇನ್ನೊಮ್ಮೆ ಓದುತ್ತಿದ್ದಾಗ, ಆ ಸೊನ್ನೆ ಇರಬೇಕಾಗಿದ್ದ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಅವನತ್ತ ನೋಡಿ ನಕ್ಕಿತು.

ಅದು ಅಡುಗೆ ಲೆಕ್ಕದ ಪ್ರೋಗ್ರಾಮು. ಎನ್.ಆರ್. ಕಾಲೋನಿಯ ಅಡುಗೆ ಕಾಂಟ್ರಾಕ್ಟರ್ ಬದರೀನಾರಾಯಣ ಭಟ್ಟರಿಗಾಗಿ ಮಾಡಿದ್ದು. ಯಾವ ಸಮಾರಂಭ, ಎಷ್ಟು ಎಲೆ ಎಂದು ಹೇಳಿದರೆ ಅಕ್ಕಿ ಬೇಳೆಯಿಂದ ಹಿಡಿದು ಚಿಟಿಕೆ ಇಂಗಿನ ತನಕ ಪಟ್ಟಿ ಕೊಡುತ್ತಿತ್ತು. ಮೊದಲು ಇಡೀ ಪ್ರೋಗ್ರಾಮು ಪೈಥಾನ್ ಭಾಷೆಯಲ್ಲಿತ್ತು, ಲೆಕ್ಕಕ್ಕೆ ಎರಡು ಸೆಕೆಂಡು ಹಿಡಿಯುತ್ತಿತ್ತು. ಬೇಳೆ ಬೇಯಲಿ ಎಂದು ಮುಕ್ಕಾಲು ಗಂಟೆ ಕಾಯುವ ಭಟ್ಟರಿಗೆ ಎರಡು ಸೆಕೆಂಡು ದೊಡ್ಡದಾಗಿ ಕಾಣಲಿಲ್ಲ. ಕಂಪನಿಯ ಒಡತಿ ವಿನುತಾ ಮೇಡಂಗೆ ಕಂಡಿತು. ಲೆಕ್ಕದ ಭಾಗವನ್ನು ಸಿ ಭಾಷೆಯಲ್ಲಿ ಬರೆದು ಪೈಥಾನಿಗೆ ಜೋಡಿಸು ಎಂದು ಅವರು ಮಧುಸೂದನನಿಗೆ ಹೇಳಿದರು.

ತೊಡಕೆಲ್ಲ ಇರುವುದು ಆ ಜೋಡಣೆಯಲ್ಲೇ. ಪೈಥಾನ್ ಧಾರಾಳಿ, ಏನು ಕೊಟ್ಟರೂ ತೆಗೆದುಕೊಂಡು ಆಮೇಲೆ ನೋಡೋಣ ಎನ್ನುತ್ತದೆ. ಸಿ ಹಾಗಲ್ಲ. ಅದರ ಬಾಗಿಲಲ್ಲಿ ಮೊದಲೇ ಒಂದು ಸಾಲು ಬರೆದಿಡಬೇಕು: ಬರುವುದರಲ್ಲಿ ಮೊದಲನೆಯದು ಹೆಸರು, ಎರಡನೆಯದು ಪೂರ್ಣಾಂಕ, ಆಮೇಲೆ ಒಂದು ನಿಂತ ಗೆರೆ, ಗೆರೆಯಾಚೆ ಇನ್ನೊಂದು ಪೂರ್ಣಾಂಕ. ಗೆರೆಯ ಈಚೆಗಿನವು ಬರಲೇಬೇಕು. ಆಚೆಗಿನದು ಬಂದರೆ ಬಂತು, ಬಾರದಿದ್ದರೆ ಇಲ್ಲ. ಸಮಾರಂಭದ ಹೆಸರನ್ನೂ ಎಲೆಯ ಲೆಕ್ಕವನ್ನೂ ಮಧುಸೂದನ ಗೆರೆಯ ಈಚೆ ಇಟ್ಟಿದ್ದ. ಎಲ್ಲ ಊಟಕ್ಕೂ ಒಬ್ಬಟ್ಟು ಇರುವುದಿಲ್ಲವಾದ್ದರಿಂದ ಒಬ್ಬಟ್ಟಿನ ಸಂಖ್ಯೆಯನ್ನು ಆಚೆ ಇಟ್ಟಿದ್ದ.

ಆ ಸಂಖ್ಯೆ ಬಾರದೇ ಹೋದರೆ ಸಿ ಏನು ಮಾಡುತ್ತದೆ? ಏನೂ ಮಾಡುವುದಿಲ್ಲ. ಆ ಸಂಖ್ಯೆಗೆಂದು ಇಟ್ಟ ಡಬ್ಬಿಯನ್ನು ಮುಟ್ಟುವುದೇ ಇಲ್ಲ. ಹಿಂದೆ ಯಾರೋ ಏನೋ ತುಂಬಿಟ್ಟು ಹೋಗಿದ್ದರೆ ಅದೇ ಅಲ್ಲಿ ಕೂತಿರುತ್ತದೆ. ಮಧುಸೂದನನ ಹೆಂಡತಿ ತನ್ಮಯಿಯ ಅಡುಗೆಮನೆಯಲ್ಲಿ 'ಸಕ್ಕರೆ' ಎಂದು ಬರೆದ ಡಬ್ಬಿಯಲ್ಲಿ ಉಪ್ಪಿಟ್ಟಿನ ರವೆ ಇರುತ್ತಿತ್ತು, ಅದನ್ನು ಕಾಫಿಗೆ ಹಾಕಿಕೊಂಡು ಕುಡಿದ ಅನುಭವ ಅವನಿಗಿತ್ತು. ಅದಕ್ಕೇ ಬಲ್ಲವರು ಮೊದಲು ಡಬ್ಬಿ ತೊಳೆದು, ಒಳಗೊಂದು ಸೊನ್ನೆ ಇಟ್ಟು, ಆಮೇಲೆ ಬಾಗಿಲು ತೆರೆಯುತ್ತಾರೆ. ಮಧುಸೂದನ ತೊಳೆದಿರಲಿಲ್ಲ.

ಒಂಬತ್ತು ನಲವತ್ತಕ್ಕೆ ಸೊನ್ನೆಯನ್ನು ಸೇರಿಸಿ ತಿದ್ದುಪಡಿಯನ್ನು ಕಂಪನಿಯ ಕಡತಕ್ಕೆ ಏರಿಸಿದ. ಆದರೆ ಭಟ್ಟರ ಕಂಪ್ಯೂಟರಿನಲ್ಲಿ ಇದ್ದದ್ದು ಹಳೆಯದೇ. ಬುಧವಾರ ಅದನ್ನು ಅಲ್ಲಿ ಕೂರಿಸಿ, ಆರುನೂರು ಎಲೆಯ ಮದುವೆ, ಎಲೆಗೆರಡರಂತೆ ಸಾವಿರದಿನ್ನೂರು ಒಬ್ಬಟ್ಟು ಎಂದು ಒಂದು ಲೆಕ್ಕ ಮಾಡಿ ತೋರಿಸಿದ್ದ. ಹೊರಡುವಾಗ, ಇದನ್ನು ಆರಿಸಬೇಡಿ, ಹೀಗೇ ಇರಲಿ ಎಂದು ಬೇರೆ ಹೇಳಿ ಬಂದಿದ್ದ. ಅಂದರೆ ಆ ಸಾವಿರದಿನ್ನೂರು ಈಗಲೂ ಡಬ್ಬಿಯಲ್ಲೇ ಕೂತಿದೆ. ಇನ್ನು ಒಬ್ಬಟ್ಟಿಲ್ಲದ ಊಟ ಯಾವುದೇ ಬಂದರೂ ಪಟ್ಟಿಯಲ್ಲಿ ಸಾವಿರದಿನ್ನೂರು ಒಬ್ಬಟ್ಟು ಬಂದು ಕೂರುತ್ತದೆ.

ಬೇರೆ ದಿನವಾಗಿದ್ದರೆ ಇದೊಂದು ತಮಾಷೆಯಾಗಿರುತ್ತಿತ್ತು. ಆದರೆ ಮಧುಸೂದನನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಎರಡು ಸಲ ಮುಂದೆ ಹೋಗಿತ್ತು. ಆವತ್ತು ಸಂಜೆ ಚಾಮರಾಜಪೇಟೆಯ ಛತ್ರವೊಂದರಲ್ಲಿ ವಿನುತಾ ಮೇಡಂ ಮಗಳ ನಿಶ್ಚಿತಾರ್ಥ. ಮೇಡಂದು ನಾಲ್ಕು ಜನರ ಕಂಪನಿಯಾದರೂ ನೆಂಟರು ಆರುನೂರು. ಭಟ್ಟರನ್ನೂ ಅತಿಥಿಯಾಗಿ ಕರೆದಿದ್ದರು. ಹಿಂದಿನ ದಿನ ಮೇಡಂ ಹೇಳಿದ್ದು ಇಷ್ಟು: "ಭಟ್ರು ಪ್ರೋಗ್ರಾಮ್ ಚೆನ್ನಾಗಿದೆ ಅಂತ ಒಂದು ಮಾತು ಹೇಳ್ಲಿ, ಅಲ್ಲೇ ನಿಮ್ಮ ಕಾಯಂ ಲೆಟರಿಗೆ ಸೈನ್ ಹಾಕ್ತೀನಿ. ಬ್ಯಾಗಲ್ಲೇ ಇಟ್ಕೊಂಡಿರ್ತೀನಿ." ಮೇಡಂ ಸುಮ್ಮನೆ ಹೇಳುವವರಲ್ಲ. ಯಾರು ಯಾವ ಸಾಲನ್ನು ಎಷ್ಟು ಹೊತ್ತಿಗೆ ತಿದ್ದಿದರು ಎಂದು ದೇವಸ್ಥಾನದ ಮಂಗಳಾರತಿ ಸಾಲಿನಲ್ಲಿ ನಿಂತೂ ಫೋನಿನಲ್ಲಿ ನೋಡುವವರು.

ಭಟ್ಟರಿಗೆ ಏಳು ಸಲ ಫೋನ್ ಮಾಡಿದ. ಅಡುಗೆಗೆ ನಿಂತಾಗ ಭಟ್ಟರು ಅಂಗಿ ಕಳಚಿ ಗೂಟಕ್ಕೆ ಹಾಕುತ್ತಾರೆ, ಫೋನು ಅಂಗಿಯ ಜೇಬಿನಲ್ಲಿರುತ್ತದೆ, ಅಂಗಿಗೆ ಕಿವಿ ಇರುವುದಿಲ್ಲ. ಮಧುಸೂದನ ಆಟೋ ಹಿಡಿದು ಎನ್.ಆರ್. ಕಾಲೋನಿಗೆ ಓಡಿದ.

ಅಡುಗೆಮನೆಯಲ್ಲಿ ಭಟ್ಟರಿರಲಿಲ್ಲ. ಮಲ್ಲೇಶ್ವರಕ್ಕೆ ಹೋಗಿದ್ದರು. ಗೋಡೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ಶುಕ್ರವಾರ, ನಾಮಕರಣ, ಮಲ್ಲೇಶ್ವರ, ಅರವತ್ತು ಎಲೆ, ಗಸಗಸೆ ಪಾಯಸ, ಮೈಸೂರು ಪಾಕು. ಅಷ್ಟೇ. ಕಂಪ್ಯೂಟರ್ ಇದ್ದ ಮುಂದಿನ ಕೋಣೆಗೆ ಬೀಗ. ಕೀಲಿಕೈ ಭಟ್ಟರ ಸೊಂಟದಲ್ಲಿ. ಹಿಂದಿನ ಹಜಾರದಲ್ಲಿ ಮಾತ್ರ ಬಿಳಿ ಪಂಚೆಗಳನ್ನು ಉದ್ದಕ್ಕೂ ಹಾಸಿದ್ದರು. ಅವುಗಳ ಮೇಲೆ, ಹುಣ್ಣಿಮೆಯ ಚಂದ್ರನನ್ನು ಯಾರೋ ಸಗಟು ದರದಲ್ಲಿ ತರಿಸಿ ಸುರಿದ ಹಾಗೆ, ಒಬ್ಬಟ್ಟೋ ಒಬ್ಬಟ್ಟು.

ನಡುವೆ ಮುನಿರತ್ನಮ್ಮ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಒಬ್ಬಟ್ಟು ತಟ್ಟುವುದರಲ್ಲಿ ಆ ಕಡೆ ಅವಳನ್ನು ಮೀರಿಸುವವರಿಲ್ಲ ಎಂದು ಹೆಸರು. ಜೊತೆಯ ಮೂವರು ಹೆಂಗಸರು ಆಗಲೇ ಕೆಲಸ ಮುಗಿಸಿ ಮನೆಗೆ ಹೋಗಿದ್ದರು.

"ಇವು ಎಷ್ಟಿವೆ?" ಎಂದ ಮಧುಸೂದನ. ಉತ್ತರ ಅವನಿಗೆ ಗೊತ್ತಿತ್ತು.

"ಸಾವಿರದಿನ್ನೂರು. ಬೆಳಗಿನ ಜಾವ ನಾಕ್ ಗಂಟೆಯಿಂದ ತಟ್ಟಿದೀವಿ. ಬೆರಳೆಲ್ಲಾ ಬೆಂದೋಗದೆ."

"ಇಷ್ಟು ಬೇಕು ಅಂತ ಯಾರು ಹೇಳಿದ್ದು?"

"ಇನ್ಯಾರು, ಭಟ್ರೇ."

"ಭಟ್ರಿಗೆ ಯಾರು ಹೇಳಿದ್ದು?"

"ಅದನ್ನೆಲ್ಲಾ ನಾನ್ಯಾಕೆ ಕೇಳ್ಲಿ ಸಾಮಿ? ಅವರು ಎಷ್ಟು ಅಂತಾರೋ ಅಷ್ಟು ತಟ್ತೀನಿ. ಇಪ್ಪತ್ತು ವರ್ಷದಿಂದ ಹಿಂಗೇ ನಡೀತದೆ."

ಮುನಿರತ್ನಮ್ಮನೂ ಸಿ ಭಾಷೆಯವಳೇ ಎಂದು ಮಧುಸೂದನನಿಗೆ ಅನಿಸಿತು. ಬಂದದ್ದು ಪೂರ್ಣಾಂಕವೇ? ಸರಿ, ಒಳಗೆ ಬಾ. ಯಾಕೆ ಬಂದೆ, ಯಾರ ಕಡೆಯವನು ಎಂದು ಕೇಳುವ ಪದ್ಧತಿ ಇಲ್ಲ.

ಅವಳ ಎದುರು ಕುಕ್ಕರಗಾಲಲ್ಲಿ ಕೂತು ನಡೆದದ್ದನ್ನು ವಿವರಿಸಿದ. ಗೆರೆಯ ವಿಷಯ ಅವಳ ತಲೆಗೆ ಹೋಗಲಿಲ್ಲ, ಡಬ್ಬಿಯ ವಿಷಯ ತಟ್ಟನೆ ಹೋಯಿತು. ಅಂದರೆ ಯಾರದೋ ಮದುವೆಯ ಒಬ್ಬಟ್ಟು ಈ ಕೂಸಿನ ನಾಮಕರಣಕ್ಕೆ ಬಂದು ಬಿದ್ದಿದೆ, ಅಷ್ಟೇ ತಾನೆ ಎಂದು ಕೇಳಿದಳು. ಅಷ್ಟೇ ಎಂದ. ಮೂರು ಗಂಟೆಗೆ ಭಟ್ಟರು ಬರುತ್ತಾರೆ, ಬಡಿಸಲು ಎಲೆಯೇ ಇಲ್ಲದ ಈ ಒಬ್ಬಟ್ಟಿನ ರಾಶಿ ನೋಡುತ್ತಾರೆ, ನೇರ ಛತ್ರಕ್ಕೆ ಹೋಗಿ ಮೇಡಂ ಮುಂದೆ ಕೂಗಾಡುತ್ತಾರೆ; ಇವತ್ತೊಂದು ದಿನ ಇವು ಅವರ ಕಣ್ಣಿಗೆ ಬೀಳಬಾರದು; ನಾಳೆ ತಾನೇ ಬಂದು ಎಲ್ಲ ಒಪ್ಪಿಕೊಂಡು ಬೇಳೆ ಬೆಲ್ಲದ ಖರ್ಚು ಕೊಡುತ್ತೇನೆ ಎಂದು ಅಂಗಲಾಚಿದ. ಭಯಪಟ್ಟವನ ತರ್ಕಕ್ಕೆ ಕಾಲು ಮಾತ್ರ ಇರುತ್ತದೆ, ತಲೆ ಇರುವುದಿಲ್ಲ.

ಮುನಿರತ್ನಮ್ಮ ಎಲೆ ಅಡಿಕೆ ಅಗಿಯುತ್ತ ಯೋಚಿಸಿದಳು. ಭಟ್ಟರನ್ನು ಒಂದು ಮಾತು ಕೇಳಿ ಎಂದಳು. ಎಂಟನೇ ಸಲ ಫೋನ್ ಮಾಡಿ ತೋರಿಸಿದ. ಕೊನೆಗೆ, ಅರ್ಧ ಒಬ್ಬಟ್ಟು ಶ್ರೀರಾಂಪುರದ ತನ್ನ ಬೀದಿಗೆ ಹೋಗುವುದಾದರೆ ತನ್ನ ಅಭ್ಯಂತರವಿಲ್ಲ ಎಂದಳು. "ನಾನೇನೂ ಅರಿಯೆ ಮತ್ತೆ. ನೀವು ಹೇಳಿದ್ರಿ, ನಾನು ಕೊಟ್ಟೆ." ಅವಳ ತಮ್ಮ ಚಿಕ್ಕವೆಂಕಟಪ್ಪನದೊಂದು ಲಗೇಜ್ ಆಟೋ ಇತ್ತು. ಮಾರ್ಕೆಟ್ಟಿನಿಂದ ಹೂಕೋಸು ಇಳಿಸಿ ಖಾಲಿ ನಿಂತಿದ್ದ ಅವನು ಹತ್ತೇ ನಿಮಿಷಕ್ಕೆ ಬಂದ.

ಮೊದಲು ಸ್ವಂತ ಬೀದಿ ಎಂದುಕೊಂಡ ಮಧುಸೂದನ. ಅವನ ಬಾಡಿಗೆ ಮನೆ ಎರಡು ಅಡ್ಡರಸ್ತೆ ಆಚೆಗಿತ್ತು. ಅದೇ ಅವನ ದೊಡ್ಡ ತಪ್ಪು. ಎನ್.ಆರ್. ಕಾಲೋನಿಯಲ್ಲಿ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ತಿಂಡಿ ಹೋಗುತ್ತದೆ, ಆದರೆ ಕಾರಣವಿಲ್ಲದೆ ಹೋಗುವುದಿಲ್ಲ.

ಮನೆಯ ಮಾಲೀಕರಾದ ಶಶಿರೇಖಾ ಅವರು ಬಾಗಿಲಲ್ಲೇ ತಡೆದರು. ತಟ್ಟೆಯಲ್ಲಿದ್ದ ಆರು ಒಬ್ಬಟ್ಟನ್ನು ಒಮ್ಮೆ, ಅವನನ್ನು ಒಮ್ಮೆ ನೋಡಿದರು.

"ಏನು ವಿಶೇಷ ಮಧು?"

ಕರಿಹಲಗೆ ಬಿಟ್ಟು ಅವನ ತಲೆಯಲ್ಲಿ ಬೇರೇನೂ ಇರಲಿಲ್ಲ. "ನಾಮಕರಣ" ಎಂದ.

"ಯಾರ ಮಗೂದು?"

ಭಟ್ಟರ ಹೆಸರು ಎತ್ತುವ ಹಾಗಿರಲಿಲ್ಲ. "ನಮ್ಮ ಕಡೇದೇ."

"ನಿಮ್ಮ ಕಡೆ ಅಂದ್ರೆ? ಅಣ್ಣಂದೋ, ತಂಗೀದೋ?"

"ಇಲ್ಲ... ಇನ್ನೂ ಹತ್ತಿರದ್ದು" ಎಂದು ಹೇಳಿ ತಟ್ಟೆಯನ್ನು ಅವರ ಕೈಗೆ ತುರುಕಿ ಗೇಟು ದಾಟಿದ. ಶಶಿರೇಖಾ ಅವರ ತುಟಿ ಬಿಗಿಯಾಯಿತು. "ತನ್ಮಯಿ ಒಂದು ಮಾತೂ ಹೇಳ್ಲಿಲ್ಲ" ಎಂದು ಬಾಗಿಲಿಗೆ ಹೇಳಿಕೊಂಡು ಒಳಗೆ ಹೋಗಿ ಫೋನ್ ಎತ್ತಿಕೊಂಡರು.

ಆಮೇಲೆ ಸುದ್ದಿ ಅವನಿಗಿಂತ ಎರಡು ಮನೆ ಮುಂದೆ ಓಡತೊಡಗಿತು. ಮೂರನೆಯ ಮನೆಯವರು ಅವನ ಕೈ ಕುಲುಕಿದರು. ನಾಲ್ಕನೆಯ ಮನೆಯಾಕೆ, ತನ್ಮಯಿ ಬೇಸಿಗೆಯಲ್ಲಿ ಎರಡು ತಿಂಗಳು ತವರಿಗೆ ಹೋದಾಗಲೇ ತನಗೆ ಅನುಮಾನವಿತ್ತು ಎಂದರು. ಐದನೆಯ ಮನೆಯ ನಿವೃತ್ತ ಮೇಷ್ಟರು, ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ, ಮಗುವಿನ ಸಿಹಿಯನ್ನು ಈಗ ಮುಟ್ಟುವುದಿಲ್ಲ, ಹನ್ನೆರಡರ ಮೇಲೆ ಬಾ ಎಂದು ಕಳಿಸಿದರು. ಮಧುಸೂದನ ಮೂಲೆ ತಿರುಗುವಷ್ಟರಲ್ಲಿ ಕೂಗಿ ಕರೆದು, ಮುಟ್ಟುವುದಿಲ್ಲ, ಅಲ್ಲೇ ಮೇಜಿನ ಮೇಲಿಟ್ಟು ಹೋಗು, ನಾಲ್ಕಿರಲಿ ಎಂದರು.

ಪಕ್ಕದ ಬೀದಿಯ ಭಾಗೀರಥಮ್ಮ ಗೇಟಿನ ಬಳಿ ಕುರ್ಚಿ ಹಾಕಿಕೊಂಡೇ ಕಾಯುತ್ತಿದ್ದರು. ಎಪ್ಪತ್ತೆಂಟು ವರ್ಷ, ಕಣ್ಣು ಸ್ವಲ್ಪ ಮಂದ, ಉಳಿದದ್ದೆಲ್ಲ ಚುರುಕು. ಮಧುಸೂದನನಿಗೆ ಅವರ ಮುಖಪರಿಚಯ ಮಾತ್ರ.

"ನೀನು ಶಶಿರೇಖಾ ಮನೆ ಬಾಡಿಗೆ ಹುಡುಗ ಅಲ್ವೇ? ಈಗ ತಾನೇ ಫೋನ್ ಮಾಡಿದ್ಲು. ಗಂಡೋ ಹೆಣ್ಣೋ?"

"ಗೊತ್ತಿಲ್ಲ ಅಮ್ಮ" ಎಂದ, ಸುಸ್ತಾಗಿದ್ದರಿಂದ ನಿಜವನ್ನೇ.

"ನಾಮಕರಣ ಮಾಡಿ ಗೊತ್ತಿಲ್ಲ ಅಂತೀಯಲ್ಲಪ್ಪ."

"ಹೆಣ್ಣು."

"ಹೆಸರು?"

ಎದುರಿಗೆ ನಿಂತಿದ್ದ ಆಟೋ ಒಂದರ ಬೆನ್ನ ಮೇಲೆ ಕೆಂಪು ಅಕ್ಷರದಲ್ಲಿ 'ಧೃತಿ' ಎಂದು ಬರೆದಿತ್ತು. ಮಧುಸೂದನ ಅದನ್ನೇ ಓದಿದ.

ಒಳ್ಳೆಯ ಹೆಸರು ಎಂದರು ಭಾಗೀರಥಮ್ಮ. ಒಬ್ಬಟ್ಟಿನ ಅಂಚು ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಹೂರಣ ನುಣ್ಣಗೆ ಬಂದಿದೆ, ಏಲಕ್ಕಿ ಹದವಾಗಿದೆ ಎಂದು ತೀರ್ಪು ಕೊಟ್ಟರು. "ಸಂಜೆ ನಮ್ಮ ಕಡೇದೂ ಒಂದು ಒಬ್ಬಟ್ಟಿನ ಊಟ ಇದೆ. ಅಲ್ಲಿಯ ಕಾಂಟ್ರಾಕ್ಟರ್ ಇಷ್ಟು ಚೆನ್ನಾಗಿ ಮಾಡ್ತಾನೋ ಇಲ್ವೋ. ಎರಡೇ ಸಾಕು ಅಂತಿದ್ದೆ, ಇರ್ಲಿ, ಆರು ಕೊಟ್ಬಿಡು."

ಗಂಟೆ ಹನ್ನೆರಡು ಹೊಡೆದಾಗ ಖರ್ಚಾದದ್ದು ನೂರಾ ಐವತ್ತು. ಪ್ರತಿ ಒಬ್ಬಟ್ಟಿಗೆ ಎರಡರಂತೆ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದ. ಹೀಗಾದರೆ ಮುಗಿಯುವಷ್ಟರಲ್ಲಿ ಧೃತಿಗೆ ಮದುವೆ ವಯಸ್ಸಾಗುತ್ತದೆ ಎಂದುಕೊಂಡು ಆಟೋ ಹತ್ತುವಾಗ ಫೋನ್ ಬಂತು. ತನ್ಮಯಿ. ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವ ಅವಳು ಎಂಥ ಸ್ಫೋಟಕ್ಕೂ ದನಿ ಏರಿಸುವವಳಲ್ಲ.

"ನಮಗೆ ಮಗು ಆಗಿದೆಯಂತೆ" ಎಂದಳು. "ಸ್ಟಾಫ್ ರೂಮಲ್ಲಿ ಎಲ್ಲರೂ ಬಂದು ಹೇಳಿದ್ರು. ಧೃತಿ ಅನ್ನೋ ಹೆಸರು ಚೆನ್ನಾಗಿದೆ. ಆದ್ರೆ ನನ್ನನ್ನೂ ಒಂದು ಮಾತು ಕೇಳಬಹುದಿತ್ತು."

ಸಂಜೆ ಎಲ್ಲ ಹೇಳುತ್ತೇನೆ, ಕೆಲಸ ಕಾಯಂ ಆಗುವ ವಿಷಯ ಎಂದ. ಕೆಲಸ ಕಾಯಂ ಆಗಲು ಮಗು ಬೇಕು ಎಂಬ ಕಾನೂನು ಯಾವಾಗ ಬಂತು ಎಂದು ಕೇಳಿ ಅವಳು ಫೋನಿಟ್ಟಳು.

ದಾರಿಯಲ್ಲಿ ಸಿಕ್ಕ ವಿದ್ಯಾರ್ಥಿ ನಿಲಯವೊಂದರಲ್ಲಿ ಅದೃಷ್ಟ ಖುಲಾಯಿಸಿತು. ಆ ಮಧ್ಯಾಹ್ನ ಅಲ್ಲಿ ಚಿತ್ರಾನ್ನ ಮಾತ್ರ ಇತ್ತಂತೆ. ಹುಡುಗರು ನಾನೂರೈವತ್ತು ಒಬ್ಬಟ್ಟನ್ನು ಮುಗಿಸಿದ ವೇಗ ನೋಡಿ, ಇವರನ್ನೇ ಸಿ ಭಾಷೆಯಲ್ಲಿ ಬರೆದಿರಬೇಕು ಎಂದುಕೊಂಡ. ಆಮೇಲೆ ಮೆಜೆಸ್ಟಿಕ್ಕಿನ ಬಸ್ಸುಗಳ ನಡುವೆ ಮುಕ್ಕಾಲು ಗಂಟೆ ಸಿಕ್ಕಿಕೊಂಡು ಶ್ರೀರಾಂಪುರ ಸೇರಿದರು. ಮುನಿರತ್ನಮ್ಮ ಬೀದಿಯ ತುದಿಯಲ್ಲಿ ಇಳಿದು ಒಂದು ಕೂಗು ಹಾಕಿದಳು. ಬೀದಿಯ ಎರಡೂ ಕಡೆಯಿಂದ ತಟ್ಟೆ, ಮುಚ್ಚಳ, ಮೊರ ಹಿಡಿದು ಜನ ಬಂದರು. ಯಾರ ಮಗು, ಯಾರ ಮದುವೆ ಎಂದು ಒಬ್ಬರೂ ಕೇಳಲಿಲ್ಲ. ಒಬ್ಬ ಅಜ್ಜಿ ಮಾತ್ರ ಒಬ್ಬಟ್ಟನ್ನು ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದಳು: "ತುಪ್ಪ ಎಲ್ಲಿ?"

ಕಾಲು ಗಂಟೆಯಲ್ಲಿ ಆರುನೂರೂ ಖಾಲಿ. ಮೂರು ಗಂಟೆಗೆ ಐದು ನಿಮಿಷ ಮೊದಲು ಮೂವರೂ ಅಡುಗೆಮನೆಗೆ ವಾಪಸಾದರು. ಬಿಳಿ ಪಂಚೆಗಳ ಮೇಲೆ ಒಬ್ಬಟ್ಟಿನ ಬದಲು ಸಾವಿರದಿನ್ನೂರು ಎಣ್ಣೆಯ ವೃತ್ತಗಳು ಉಳಿದಿದ್ದವು. ಮಧುಸೂದನ ಅವನ್ನು ಮಡಿಸತೊಡಗಿದ್ದ. ಆಗ ಬದರೀನಾರಾಯಣ ಭಟ್ಟರು ಹೆಗಲ ಮೇಲೆ ಅಂಗಿ ಹಾಕಿಕೊಂಡು ಒಳಗೆ ಬಂದರು. ಖಾಲಿ ಹಜಾರವನ್ನು ನೋಡಿ ಅವರ ಮುಖ ಅರಳಿತು.

"ಆಗ್ಲೇ ಬಂದು ತಗೊಂಡು ಹೋದ್ರೇನು? ನಾಲ್ಕೂವರೆಗೆ ಗಾಡಿ ಕಳಿಸ್ತೀನಿ ಅಂದಿದ್ರು."

ಮುನಿರತ್ನಮ್ಮ ಮಧುಸೂದನನನ್ನು ನೋಡಿದಳು. ಮಧುಸೂದನ ಚಿಕ್ಕವೆಂಕಟಪ್ಪನನ್ನು ನೋಡಿದ. ಚಿಕ್ಕವೆಂಕಟಪ್ಪ, ಆಟೋ ಅಡ್ಡ ನಿಲ್ಲಿಸಿ ಬಂದಿದ್ದೇನೆ ಎಂದು ಹೇಳಿ ಹೊರಟೇಹೋದ.

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಗೆರೆ, ಡಬ್ಬಿ, ಸೊನ್ನೆ, ಹಲಗೆಯಲ್ಲಿ ಒಬ್ಬಟ್ಟು ಇಲ್ಲದಿದ್ದದ್ದು ಎಲ್ಲವನ್ನೂ ಮಧುಸೂದನ ಒಂದೇ ಉಸಿರಿಗೆ ಒಪ್ಪಿಸಿದ. ಭಟ್ಟರು ಸೊಂಟದಿಂದ ಕೀಲಿಕೈ ತೆಗೆದು ಮುಂದಿನ ಕೋಣೆಯ ಬಾಗಿಲು ತೆರೆದರು. ಮೇಜಿನ ಮೇಲೆ ಕಂಪ್ಯೂಟರು ಕೆಂಪು ರವಿಕೆ ಕಣದ ಬಟ್ಟೆ ಹೊದ್ದು ಕೂತಿತ್ತು. ಬಟ್ಟೆ ಸರಿಸಿದರೆ ಹಣೆಯಲ್ಲಿ ಕುಂಕುಮ, ನೆತ್ತಿಯಲ್ಲಿ ಬಾಡಿದ ಸೇವಂತಿಗೆ.

"ಇದನ್ನ ನಾನು ಹಚ್ಚೇ ಇಲ್ವಲ್ಲ ಸ್ವಾಮಿ. ನೀವು ಮೊನ್ನೆ ಆಚೆ ಕಾಲಿಟ್ರಿ, ನಾನು ಸ್ವಿಚ್ ಆರಿಸಿದೆ. ಹೊಸ ವಸ್ತು, ಅಮಾವಾಸ್ಯೆ ಕಳೀಲಿ, ಆಮೇಲೆ ಶುರು ಮಾಡೋಣ ಅಂತ."

ಮಧುಸೂದನ ಬಗ್ಗಿ ಸ್ವಿಚ್ ನೋಡಿದ. "ಮತ್ತೆ ಸಾವಿರದಿನ್ನೂರು?"

ಭಟ್ಟರು ಹೇಳಿದ್ದರ ಸಾರಾಂಶ ಇದು. ದೊಡ್ಡ ಊಟ ವಹಿಸಿಕೊಂಡ ಕಾಂಟ್ರಾಕ್ಟರುಗಳೆಲ್ಲ ಒಬ್ಬಟ್ಟನ್ನು ತಾವೇ ಮಾಡುವುದಿಲ್ಲ. ಕೈ ಚೆನ್ನಾಗಿರುವ ಕಡೆ ಮಾಡಿಸಿಕೊಂಡು ಹೋಗುತ್ತಾರೆ. ಹಾಗೆ ಮಾಡಿಸಿದ್ದು ಊಟ ಹಾಕಿಸುವ ಮನೆಯವರಿಗೆ ತಿಳಿಯಬಾರದು. ಆದ್ದರಿಂದ ಅಡುಗೆಯವರು ಅಡುಗೆಯವರಿಗೆ ಮಾಡಿಕೊಡುವುದನ್ನು ಹಲಗೆಯ ಮೇಲೆ ಬರೆಯುವ ಹಾಗಿಲ್ಲ, ತಟ್ಟುವವರಿಗೂ ಯಾರಿಗೆಂದು ಹೇಳುವ ಹಾಗಿಲ್ಲ. ಬಾಯಿಮಾತು, ನಂಬಿಕೆ, ಅಷ್ಟೇ. ಇದು ಅವರ ತಂದೆಯ ಕಾಲದಿಂದ ನಡೆದುಬಂದದ್ದು.

"ಹಲಗೆ ಮೇಲೆ ಬರ್ದಿಲ್ಲ ಅಂದ್ರೆ ಇಲ್ಲವೇ ಇಲ್ಲ ಅಂತ ಯಾರು ಹೇಳಿದ್ದು ನಿಮಗೆ?" ಎಂದರು ಭಟ್ಟರು.

ಪ್ರೋಗ್ರಾಮಿನಲ್ಲಿ, ಹೇಳದೆ ಬಿಟ್ಟದ್ದನ್ನು ಸೊನ್ನೆ ಎಂದು ಎಣಿಸಲು ಮರೆತಿದ್ದ. ಹಲಗೆಯ ಮುಂದೆ ನಿಂತು, ಹೇಳದೆ ಬಿಟ್ಟದ್ದನ್ನು ಸೊನ್ನೆ ಎಂದು ಎಣಿಸಿಬಿಟ್ಟಿದ್ದ. ಮಧುಸೂದನನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಯಾರ ಮನೆಯ ಊಟ ಎಂದು ಮೆಲ್ಲಗೆ ಕೇಳಿದ.

"ಈಗಿನ್ನೇನು ಗುಟ್ಟು. ಚಾಮರಾಜಪೇಟೆ ಛತ್ರದ್ದು. ನಿಮ್ಮ ವಿನುತಾ ಮೇಡಂ ಮಗಳ ನಿಶ್ಚಿತಾರ್ಥ."

ಅತ್ತೂ ಮುಗಿಯಿತು, ನಕ್ಕೂ ಮುಗಿಯಿತು ಎಂಬ ಸ್ಥಿತಿ ಅದು. ಭಟ್ಟರು ಒಳ್ಳೆಯ ಮನುಷ್ಯರು. ಕೂಗಾಡಲಿಲ್ಲ. ಹೋಗಿದ್ದ ಮೂವರು ಹೆಂಗಸರನ್ನು ಕರೆಸಿದರು, ಬೇಳೆ ಬೇಯಲು ಇಟ್ಟರು, ಮಧುಸೂದನನ ಅಂಗಿ ಬಿಚ್ಚಿಸಿ ಗೂಟಕ್ಕೆ ಹಾಕಿಸಿದರು. ಅವನು ಹೂರಣ ರುಬ್ಬಿದ, ಉಂಡೆ ಕಟ್ಟಿದ. ಒಂದನ್ನು ತಟ್ಟಲೂ ನೋಡಿದ. ಅದು ಶ್ರೀಲಂಕಾದ ಭೂಪಟದ ಹಾಗೆ ಬಂತು. ಮುನಿರತ್ನಮ್ಮ ಅದನ್ನು ತೆಗೆದು ಪಕ್ಕಕ್ಕಿಟ್ಟು, "ಸಾವಿರದಿನ್ನೂರೂ ಬೇಕಿದ್ರೆ ನಾಳೆ ಬೆಳಗ್ಗೆ ಆಯ್ತದೆ ಸಾಮಿ" ಎಂದಳು. ಕಾಯುತ್ತ ನಿಂತಿದ್ದ ಗಾಡಿ ಏಳೂವರೆಗೆ ಹೊರಟಾಗ ಅದರಲ್ಲಿದ್ದದ್ದು ಆರುನೂರು.

"ಉಳಿದ ಆರುನೂರಕ್ಕೆ ಏನು ಹೇಳ್ತೀರಿ ಭಟ್ರೇ?" ಎಂದು ಮಧುಸೂದನ ಕೈ ಮುಗಿದ.

ಭಟ್ಟರು ಅವನ ಭುಜ ತಟ್ಟಿದರು. "ಏನೋ ಒಂದು ಹೇಳ್ತೀನಿ. ಜನಿವಾರದ ಆಣೆ, ನಿಮ್ಮ ಹೆಸರು ಮಾತ್ರ ನನ್ನ ಬಾಯಲ್ಲಿ ಬರಲ್ಲ."

ಸಮಾಧಾನದಿಂದ ಮನೆಗೆ ಹೋಗಿ, ಸ್ನಾನ ಮಾಡಿ, ತನ್ಮಯಿಯನ್ನು ಕರೆದುಕೊಂಡು ಛತ್ರಕ್ಕೆ ಬಂದಾಗ ಎಂಟೂವರೆ. ದಾರಿಯುದ್ದಕ್ಕೂ ನಡೆದದ್ದನ್ನು ಹೇಳಿದ. ಮನೆಗೆ ಅಷ್ಟರಲ್ಲೇ ಮೂರು ಕುಲಾವಿ, ಎರಡು ಗಿಲಕಿ, ಒಂದು ಡಬ್ಬಿ ಬಜೆ ಬಂದು ಸೇರಿದೆ ಎಂದು ಅವಳೂ ಹೇಳಿದಳು. ಇಬ್ಬರೂ ಕೊನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತರು. ದೂರದಲ್ಲಿ ಭಟ್ಟರು ಮೇಡಂ ಜೊತೆ ಗಂಭೀರವಾಗಿ ಮಾತಾಡುತ್ತಿದ್ದದ್ದು ಕಾಣುತ್ತಿತ್ತು. ಮೇಡಂ ಕೇಳಿಸಿಕೊಳ್ಳುತ್ತಲೇ ಫೋನು ತೆಗೆದು ಏನೋ ನೋಡಿದರು. ಆಮೇಲೆ ರೇಷ್ಮೆ ಸೀರೆಯ ನೆರಿಗೆ ಹಿಡಿದು ಸೀದಾ ಇವರ ಎಲೆಯ ಮುಂದೆ ಬಂದು ನಿಂತರು.

"ಭಟ್ರು ಪಾಪ, ಯಾರ ಹೆಸರೂ ಹೇಳಲಿಲ್ಲ" ಎಂದರು ಮೇಡಂ. "ಒಬ್ಬಟ್ಟು ಅವರ ಹತ್ರ ಮಾಡಿಸಿದ್ದು ಅಂತಾನೇ ನಂಗೆ ಈಗ ಗೊತ್ತಾಗಿದ್ದು. ಕಂಪ್ಯೂಟರ್ ಲೆಕ್ಕ ತಪ್ಪು ಕೊಡ್ತು, ಅದಕ್ಕೇ ಒಬ್ಬಟ್ಟು ಅರ್ಧಕ್ಕರ್ಧ ಕಮ್ಮಿ ಆಯ್ತು ಅಂದ್ರು ಅಷ್ಟೆ. ನಾನು ನಂಬಲಿಲ್ಲ. ಈಗ ತೆಗೆದು ನೋಡಿದ್ರೆ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ನೀವು ಒಂದು ಸೊನ್ನೆ ಸೇರಿಸಿದೀರಿ. ಅದೂ ಒಬ್ಬಟ್ಟಿನ ಸಾಲಲ್ಲೇ. ಅಂದ್ರೆ ತಪ್ಪಿದೆ ಅಂತ ಗೊತ್ತಿತ್ತು, ನಂಗೊಂದು ಫೋನೂ ಮಾಡಲಿಲ್ಲ."

ಮಧುಸೂದನ ಬಾಯಿ ತೆರೆದ. ಆ ಕಂಪ್ಯೂಟರು ಹೊತ್ತಿಯೇ ಇರಲಿಲ್ಲ ಎನ್ನಬೇಕು. ಹಾಗಾದರೆ ಆರುನೂರು ಒಬ್ಬಟ್ಟು ಎಲ್ಲಿ ಎಂದು ಕೇಳುತ್ತಾರೆ. ನಿಮ್ಮ ಮಗಳ ಒಬ್ಬಟ್ಟನ್ನು ನಾನೇ ಬೀದಿ ಬೀದಿಗೆ ಹಂಚಿ ಬಂದೆ ಎನ್ನಬೇಕು. ಬಾಯಿ ಮುಚ್ಚಿದ.

"ಬೇರೆ ಯಾರಾದ್ರೂ ಆಗಿದ್ರೆ ಇವತ್ತೇ ಕಳಿಸಿಬಿಡ್ತಿದ್ದೆ" ಎಂದು ಮೇಡಂ ದನಿ ತಗ್ಗಿಸಿದರು. "ಆದ್ರೆ ಅಮ್ಮ ಈಗ ತಾನೇ ಹೇಳಿದ್ರು. ರಾತ್ರಿಯೆಲ್ಲಾ ನಿದ್ದೆಗೆಟ್ಟು ಕೆಲಸ ಮಾಡಿದ್ರೆ ಒಂದು ಸೊನ್ನೆ ಮರೆಯೋದು ಸಹಜ. ಕಾಯಂ ವಿಷಯ ಇನ್ನಾರು ತಿಂಗಳು ಬಿಟ್ಟು ನೋಡೋಣ, ಸದ್ಯಕ್ಕೆ ಕೆಲಸ ಇರುತ್ತೆ."

ಅವರ ಹಿಂದಿನಿಂದ, ಜರಿ ಸೀರೆಯುಟ್ಟು ಕೋಲೂರಿಕೊಂಡು ಮುಂದೆ ಬಂದವರು ಪಕ್ಕದ ಬೀದಿಯ ಭಾಗೀರಥಮ್ಮ.

"ಇವನೇ ಕಣೆ ವಿನುತಾ. ಬಾಣಂತೀನ ಛತ್ರಕ್ಕೆ ಕರ್ಕೊಂಡು ಬಂದಿದಾನಲ್ಲ, ಏನು ಹೇಳೋಣ. ಧೃತೀನ ಯಾರ ಹತ್ರ ಬಿಟ್ಟು ಬಂದ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಬೆಳಿಗ್ಗೆಯ ಒಬ್ಬಟ್ಟಿನ ರುಚಿ ಇಲ್ಲಿಯದಕ್ಕೂ ಇದೆ ಎಂದು ಆಶ್ಚರ್ಯಪಟ್ಟರು.

"ಭಾನುವಾರ ಅಮ್ಮನ್ನ ಕರ್ಕೊಂಡು ಮಗು ನೋಡೋಕೆ ಬರ್ತೀನಿ" ಎಂದು ಮೇಡಂ ತನ್ಮಯಿಯ ಕೈ ಹಿಡಿದು ಹೇಳಿದರು. "ತೊಟ್ಟಿಲು ನಮ್ಮ ಕಡೆಯಿಂದ. ಆಗಲೇ ಆರ್ಡರ್ ಮಾಡಿದೀನಿ, ಬೇಡ ಅನ್ನಬಾರದು."

ಅವರು ಮುಂದಿನ ಎಲೆಗೆ ಹೋದರು. ಬಡಿಸುವವನು ಬುಟ್ಟಿ ಹಿಡಿದು ಬಂದು ಮಧುಸೂದನನ ಎಲೆಗೆ ಒಂದು ಒಬ್ಬಟ್ಟು ಹಾಕಿದ. ಶ್ರೀಲಂಕಾದ ಆಕಾರದ್ದು.

"ಎಲೆಗೆ ಒಂದೇ ಸಾರ್ ಇವತ್ತು" ಎಂದ ಬಡಿಸುವವನು. "ಅದ್ಯಾರೋ ಕಂಪ್ಯೂಟರ್‌ನೋರು ಲೆಕ್ಕ ಕೆಡಿಸಿದಾರಂತೆ."

ಮಧುಸೂದನ ಒಬ್ಬಟ್ಟನ್ನು ನೋಡುತ್ತ ಕೂತ. ತನ್ಮಯಿ ತನ್ನ ಎಲೆಯ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು, ಒಂದು ತುಂಡು ಮುರಿದು, ತಿಂದು, ನಿಧಾನವಾಗಿ ಹೇಳಿದಳು:

"ಇವತ್ತು ಶುಕ್ರವಾರ. ಭಾನುವಾರಕ್ಕೆ ಇನ್ನೆರಡೇ ದಿನ."